'ಇವ್ಯಾಂಜೆಲಿಕಲ್ ಪಾಸ್ಟರ್' ಅಂದರೆ 'ಮತಪ್ರಚಾರಕ ಪಾದ್ರಿ'ಯೇ? ಪದ ಬೇಕು

ಗೆಳೆಯರೇ,

ಅಮೆರಿಕದ ರಿಕ್ ವಾರನ್ ಎಂಬ ಪಾಸ್ಟರ್ ಬಗ್ಗೆ, ಅವರಿಗೆ ಅಲ್ಲಿನ ರಾಜಕೀಯದಲ್ಲಿದ್ದ ತೂಕದ ಬಗ್ಗೆ ಬರೆಯುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ನಿಂತಿದ್ದೇನೆ. ನಮ್ಮ ಪತ್ರಿಕೆಗಳಲ್ಲಿ ಓಡಾಡುವ ಪದಗಳನ್ನು ಹಾಗೇ ಹಾಕಿದರೆ ಅವರ ಶಕ್ತಿ ಎಲ್ಲಿಂದ ಬಂತು ಅನ್ನುವುದೇ ಓದುಗರಿಗೆ ತಪ್ಪಾಗಿ ಕಾಣುತ್ತದೆ.

'ಮತಪ್ರಚಾರಕ' ಪದವನ್ನೇ ನೋಡಿ. ಊರೂರು ತಿರುಗಿ ಸುವಾರ್ತೆ (ಯೇಸುವಿನ ಶುಭಸಂದೇಶ) ಸಾರುವವರಿಗೆ, ಅಂದರೆ ಇವ್ಯಾಂಜೆಲಿಸ್ಟ್‌ಗೆ, ಅದು ಸರಿ. ಕನ್ನಡ ಬೈಬಲ್ಲಿನಲ್ಲಿ ಅವರಿಗೆ 'ಸೌವಾರ್ತಿಕ' ಎಂಬ ಚೆಂದದ ಪದವೇ ಇದೆ, ಎಫೆಸದವರಿಗೆ ಬರೆದ ಪತ್ರದ ಅದೇ ಸಾಲಿನಲ್ಲಿ 'ಸಭಾಪಾಲಕ'ರೂ ಬರುತ್ತಾರೆ. ಆದರೆ ಇವ್ಯಾಂಜೆಲಿಕಲ್ ಅನ್ನುವುದು ಕೆಲಸದ ಹೆಸರಲ್ಲ. ಪ್ರೊಟೆಸ್ಟೆಂಟರೊಳಗಿನ ಒಂದು ದೊಡ್ಡ ಬಳಗದ ಹೆಸರು. ಬೈಬಲ್ಲಿನದೇ ಕೊನೆಯ ಮಾತು, ಮನುಷ್ಯ ಯೇಸುವನ್ನು ತಾನೇ ಒಪ್ಪಿಕೊಂಡು ಹೊಸದಾಗಿ ಹುಟ್ಟಬೇಕು, ಆ ನಂಬಿಕೆಯನ್ನು ಇನ್ನೊಬ್ಬರಿಗೂ ಮುಟ್ಟಿಸಬೇಕು ಅನ್ನುವವರು. ಅದರಲ್ಲಿ ಟೀಚರು, ಲಾರಿ ಓಡಿಸುವವರು, ಡಾಕ್ಟರು ಎಲ್ಲ ಇದ್ದಾರೆ. 2016ರಲ್ಲಿ ಬಿಳಿಯ ಇವ್ಯಾಂಜೆಲಿಕಲರಲ್ಲಿ ಹತ್ತಿರ ಹತ್ತಿರ 80% ಜನ ಟ್ರಂಪ್‌ಗೆ ವೋಟು ಹಾಕಿದರು ಅಂತ ಮತಗಟ್ಟೆ ಸಮೀಕ್ಷೆಗಳು ಹೇಳಿದವು. ಇದನ್ನು 'ಮತಪ್ರಚಾರಕರ ಮತ ಟ್ರಂಪ್‌ಗೆ' ಅಂತ ಬರೆದರೆ ಏನಾಯಿತು? ಕೋಟ್ಯಂತರ ಮತದಾರರು ಮಾಯವಾಗಿ ಬರೀ ಮಿಷನರಿಗಳು ಉಳಿದರು. ಎರಡು ಸಲ ಬಂದ 'ಮತ' ಬೇರೆ ಗೊಂದಲ.

'ಪಾದ್ರಿ' ಕೂಡ ನನಗೆ ಒಗ್ಗುತ್ತಿಲ್ಲ. ಪಾದ್ರಿ ಅಂದ ಕೂಡಲೇ ನಮಗೆ ಬಿಳಿ ನಿಲುವಂಗಿ, ಮೇಲೊಬ್ಬ ಬಿಷಪ್, ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ, ಇವೆಲ್ಲ ನೆನಪಾಗುತ್ತವೆ ಅಲ್ವಾ? ವಾರನ್ ಹೂವಿನ ಚಿತ್ತಾರದ ಹವಾಯಿ ಶರ್ಟ್ ಹಾಕಿಕೊಂಡು ಬೋಧನೆ ಮಾಡುತ್ತಿದ್ದವರು. 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಡಲ್‌ಬ್ಯಾಕ್ ಚರ್ಚನ್ನು ಅವರೇ ಕಟ್ಟಿದರು, 2022ರವರೆಗೂ ಅವರೇ ನಡೆಸಿದರು. ವರ್ಗಾವಣೆ ಮಾಡುವವರು ಯಾರೂ ಇರಲಿಲ್ಲ. ಮಹಿಳೆಯೊಬ್ಬರನ್ನು ಪಾಸ್ಟರ್ ಮಾಡಿಕೊಂಡಿದ್ದಕ್ಕೆ, ಅದು ಸೇರಿದ್ದ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಚರ್ಚುಗಳ ಒಕ್ಕೂಟ 2023ರಲ್ಲಿ ಸ್ಯಾಡಲ್‌ಬ್ಯಾಕನ್ನು ಹೊರಗೆ ಹಾಕಿತು. ಚರ್ಚು ಮುಚ್ಚಲಿಲ್ಲ, ತನ್ನ ಪಾಡಿಗೆ ನಡೆಯುತ್ತಿದೆ. ಜನ ಸೇರಿದ್ದು ಒಕ್ಕೂಟವನ್ನು ನೋಡಿ ಅಲ್ಲ. ಹಾಗಾಗಿ ಪಾಸ್ಟರ್ ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು ಅನ್ನಿಸುತ್ತದೆ.

ಸ್ಯಾಡಲ್‌ಬ್ಯಾಕ್‌ನಂಥ ಮೆಗಾಚರ್ಚ್‌ಗೆ 'ಬೃಹತ್ ಚರ್ಚ್' ಅಂದರೆ ಕಟ್ಟಡ ಕಣ್ಣಿಗೆ ಬರುತ್ತದೆ. ಅಲ್ಲಿ ಲೆಕ್ಕ ಜನರದು, ವಾರಕ್ಕೆ 2,000 ಅಥವಾ ಜಾಸ್ತಿ ಜನ ಆರಾಧನೆಗೆ ಬಂದರೆ ಆ ಹೆಸರು. 'ಸಭೆ' ಅಂತ ಕ್ರೈಸ್ತರೇ ಬಳಸುವ ಪದ ಇದೆಯಲ್ಲ, ಅದಕ್ಕೆ 'ಮಹಾ' ಸೇರಿಸೋಣ ಅಂದರೆ ಸಹಕಾರ ಸಂಘದ ವಾರ್ಷಿಕ ಮಹಾಸಭೆ ಆಗಿಬಿಡುತ್ತದೆ.

ಇನ್ನು ನನಗೆ ಜಾಸ್ತಿ ತಲೆಕೆಡಿಸಿದ ಪದ 'ರಾಜಗುರು'. ಇಂಥ ಪಾಸ್ಟರ್‌ಗಳನ್ನು ಹಾಗೆ ಕರೆಯುವ ಆಸೆ ಸಹಜ. ಆದರೆ ರಾಜಗುರುವಿಗೆ ಮಾನ ಬರುವುದು ಅರಮನೆಯಿಂದ. ಇಲ್ಲಿ ಅರಮನೆಗೆ ಹೋಗಬೇಕಾದವರೇ ಪಾಸ್ಟರ್ ಹತ್ತಿರ ಬಂದರು. 2008ರ ಆಗಸ್ಟ್ 16ರಂದು, ಅಧ್ಯಕ್ಷ ಚುನಾವಣೆಗೆ ಎದುರುಬದುರು ನಿಂತಿದ್ದ ಒಬಾಮ ಮತ್ತು ಮೆಕೇನ್ ಇಬ್ಬರೂ ಸ್ಯಾಡಲ್‌ಬ್ಯಾಕ್‌ಗೆ ಬಂದು, ಒಬ್ಬರಾದ ಮೇಲೆ ಒಬ್ಬರು ವಾರನ್ ಎದುರು ಕೂತರು, ಇಬ್ಬರಿಗೂ ಬಹುಪಾಲು ಅವೇ ಪ್ರಶ್ನೆಗಳು, ದೇಶವೆಲ್ಲ ಟೀವಿಯಲ್ಲಿ ನೋಡುತ್ತಿತ್ತು. ಮಗುವಿಗೆ ಮನುಷ್ಯನ ಹಕ್ಕು ಯಾವಾಗಿನಿಂದ ಅಂತ ಕೇಳಿದಾಗ ಅದಕ್ಕೆ ಖಚಿತ ಉತ್ತರ ಕೊಡುವುದು ನನ್ನ ಮಟ್ಟಕ್ಕೆ ಮೀರಿದ್ದು ಅನ್ನುವ ಅರ್ಥದಲ್ಲಿ ಒಬಾಮ ಉತ್ತರಿಸಿದರು. ಮೆಕೇನ್ ತಡವರಿಸದೆ, ಗರ್ಭ ನಿಂತ ಕ್ಷಣದಿಂದ ಅಂದರು. ಆ ಎರಡು ಉತ್ತರಗಳ ಬಗ್ಗೆ ಆಮೇಲೆ ಸಾಕಷ್ಟು ಚರ್ಚೆ ನಡೆಯಿತು. ವಾರನ್ ಯಾರಿಗೂ ವೋಟು ಹಾಕಿ ಅನ್ನಲಿಲ್ಲ, ಪ್ರಶ್ನೆ ಯಾವುದು ಅಂತ ತೀರ್ಮಾನಿಸಿದರು. ನನ್ನ ಪ್ರಕಾರ ಅವರ ಪ್ರಭಾವ ಇರುವುದೇ ಅಲ್ಲಿ.

'ಬೆಂಬಲ' ಅನ್ನುವ ಪದವೂ ಇಲ್ಲೇ ಕೈಕೊಡುತ್ತದೆ. 1954ರ ಜಾನ್ಸನ್ ತಿದ್ದುಪಡಿ ಪ್ರಕಾರ ತೆರಿಗೆ ವಿನಾಯಿತಿ ಪಡೆದ ಚರ್ಚು ಅಭ್ಯರ್ಥಿಯನ್ನು ಬೆಂಬಲಿಸುವಂತಿಲ್ಲ. ಆದರೆ ಜನ ನೇರವಾಗಿ ವೋಟು ಹಾಕುವ ಕಾನೂನಿನ ಬಗ್ಗೆ, ಮಿತಿಯೊಳಗೆ, ಮಾತಾಡಬಹುದು. ಅದೇ 2008ರಲ್ಲಿ ಸಲಿಂಗಿಗಳ ಮದುವೆ ನಿಲ್ಲಿಸುವ 8ನೇ ಪ್ರಸ್ತಾವಕ್ಕೆ ಕ್ಯಾಲಿಫೋರ್ನಿಯಾದಲ್ಲಿ ವೋಟು ನಡೆದಾಗ ವಾರನ್ ಬಹಿರಂಗವಾಗಿಯೇ ಅದರ ಪರ ನಿಂತರು. ಸುಮ್ನೆ 'ವಾರನ್ ಬೆಂಬಲ ಘೋಷಿಸಿದರು' ಅಂತ ಬರೆದರೆ ಅಭ್ಯರ್ಥಿಗೋ ಪ್ರಸ್ತಾವಕ್ಕೋ ಅನ್ನುವ ದೊಡ್ಡ ವ್ಯತ್ಯಾಸ ಅಳಿಸಿಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಪದ ಇದ್ದರೆ ಹೇಳಿ.

ಕೊನೆಯದು 'ಆಶೀರ್ವಚನ'. 2009ರ ಜನವರಿ 20ರಂದು ಒಬಾಮ ಪ್ರಮಾಣವಚನದಲ್ಲಿ ವಾರನ್ ಮಾಡಿದ್ದನ್ನು ಹಾಗೆ ಕರೆಯಬಾರದು ಅಂತ ನನ್ನ ವಾದ. ಆಶೀರ್ವಚನ ಕೊಡುವವರು ಮೇಲೆ, ಪಡೆಯುವವರು ಕೆಳಗೆ. ಅವರು ಮಾಡಿದ್ದು ಪ್ರಾರ್ಥನೆ, ಯೇಸು ಕಲಿಸಿದ ಪ್ರಾರ್ಥನೆಯೊಂದಿಗೆ ಮುಗಿಸಿದರು. 8ನೇ ಪ್ರಸ್ತಾವದ ಕಾರಣಕ್ಕೆ ಸಲಿಂಗಿಗಳ ಹಕ್ಕಿನ ಸಂಘಟನೆಗಳು ಆ ಆಯ್ಕೆಯನ್ನು ಜೋರಾಗಿ ವಿರೋಧಿಸಿದ್ದವು. ಆ ನೋವನ್ನೂ ಬರೆಯಬೇಕು, ಅದಕ್ಕೇ ಪದ ನೇರವಾಗಿರಲಿ ಅನ್ನುವುದು.

ಸದ್ಯಕ್ಕೆ 'ಸುವಾರ್ತಾ ಪಂಥದ ಪಾಸ್ಟರ್' ಅಂತ ಬರೆದಿಟ್ಟಿದ್ದೇನೆ. 'ಪಂಥ' ಅಂದರೆ ಬೇರೆಯೇ ಒಂದು ಧರ್ಮಸಭೆ ಅನ್ನಿಸುತ್ತದೆಯೇ? ಮಂಗಳೂರು, ಧಾರವಾಡ, ಬೀದರ್ ಕಡೆಯ ಪ್ರೊಟೆಸ್ಟೆಂಟ್ ಗೆಳೆಯರು ಯಾರಾದರೂ ಇದ್ದರೆ, ಮನೆಯಲ್ಲಿ, ಆರಾಧನೆಯಲ್ಲಿ ಇವರನ್ನು ಏನಂತ ಕರೆಯುತ್ತೀರಿ, ದಯವಿಟ್ಟು ತಿಳಿಸಿ.