ಹಬ್ಬ ಇಲ್ಲದ ದಿನವೂ ಮಕ್ಕಳಿಗೆ ಮನೆಯಲ್ಲಿ ಒಂಚೂರು ಹಬ್ಬ: ನೀವೇನು ಮಾಡ್ತೀರಿ?

ಇಬ್ಬರ_ಅಮ್ಮ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿದ್ದೇವೆ. ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ದಸರಾ ಮುಗಿದು ಗೊಂಬೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದ್ದೇ ತಡ, ಮಗಳದ್ದು ಒಂದೇ ರಾಗ, ಮುಂದಿನ ಹಬ್ಬ ಯಾವಾಗ ಅಂತ. ದೀಪಾವಳಿ ಅಂದರೆ "ಅದಾದ ಮೇಲೆ?" ಅಂತಾಳೆ. ಉಳಿದ ದಿನ ಸ್ಕೂಲು, ಹೋಂವರ್ಕು, ಊಟ, ನಿದ್ದೆ, ಮಧ್ಯೆ ಮೊಬೈಲಿಗೆ ಜಗಳ. ಭಾನುವಾರ ಮಾಲ್‌ಗೆ ಹೋದರೆ ದುಡ್ಡು ಖರ್ಚು, ವಾಪಸ್ ಬರುವಾಗ ಟ್ರಾಫಿಕ್‌ನಲ್ಲಿ ಎಲ್ಲರ ಮುಖವೂ ಗಂಟು. ಇನ್‌ಸ್ಟಾಗ್ರಾಂನಲ್ಲಿ ತೋರಿಸುವ ಹಾಗೆ ರಾತ್ರಿ ಕೂತು ಬಣ್ಣದ ಪೇಪರ್ ಕತ್ತರಿಸಿ ಅಲಂಕಾರ ಮಾಡುವಷ್ಟು ತ್ರಾಣ ನನಗಂತೂ ಉಳಿದಿರಲ್ಲ. ದಿನದ ಕೆಲಸದ ಒಳಗೇ ಸೇರಿಹೋಗುವಂಥದ್ದು, ಹೊಸದಾಗಿ ಏನೂ ಕೊಳ್ಳದೆ ಆಗುವಂಥದ್ದು ಇದ್ದರೆ ಹೇಳಿ. ನಿಮ್ಮ ಮನೆಯಲ್ಲಿ ನಿಜವಾಗಿ ನಡೆಯುವುದೇ ಬೇಕು, ಎಲ್ಲೋ ಓದಿದ್ದು ಬೇಡ.

ತುಂಗಾತೀರ

ಬೆಳದಿಂಗಳೂಟ ಶುರುಮಾಡಿ. ಕ್ಯಾಲೆಂಡರ್‌ನಲ್ಲಿ ಪ್ರತಿ ಹುಣ್ಣಿಮೆಗೂ ಮಗಳ ಕೈಲೇ ಸುತ್ತು ಹಾಕಿಸಿ. ತಿಂಗಳಿಗೊಂದು ಹಬ್ಬ ಖಾಯಂ ಆಯಿತು, ಆಮೇಲೆ ನೀವು ಮರೆತರೂ ಅವಳು ಮರೆಯಲ್ಲ.

ನಮ್ಮಲ್ಲಿ ಅವತ್ತು ತಟ್ಟೆ ಇಲ್ಲ, ಕೈತುತ್ತು. ದೊಡ್ಡ ಪಾತ್ರೆಯಲ್ಲಿ ಮೊದಲು ಹುಳಿಯನ್ನ ಕಲಸುವುದು, ಅದು ಮುಗಿದ ಮೇಲೆ ಮೊಸರನ್ನ. ಮಕ್ಕಳು ಸುತ್ತ ಕೂತು ಕೈ ಚಾಚಬೇಕು. ಮೊಸರನ್ನದ ತುತ್ತನ್ನು ಅಂಗೈಗೆ ಹಾಕಿದರೆ ಅವರೇ ಹೆಬ್ಬೆರಳಲ್ಲಿ ಮಧ್ಯೆ ಒಂದು ಗುಳಿ ಮಾಡಿಕೊಳ್ಳುತ್ತಾರೆ, ಆ ಗುಳಿಗೆ ಗೊಜ್ಜು ಬಿಡುವುದು. ಗೊಜ್ಜು ಮುಂಗೈಗೆ ಇಳಿಯುವ ಮೊದಲು ಬಾಯಿಗೆ ಹಾಕಿಕೊಳ್ಳಬೇಕು, ಅದೇ ಪಂದ್ಯ. ಮನೆಯಲ್ಲಿ ಎರಡು ತುತ್ತಿಗೆ ಸಾಕು ಅನ್ನುವ ಮಕ್ಕಳು ಅವತ್ತು ಎಷ್ಟು ತಿಂದರು ಅಂತ ಅವರಿಗೂ ಗೊತ್ತಾಗಲ್ಲ. ಜೊತೆಗೆ ಹಪ್ಪಳ ಸಂಡಿಗೆ ಇದ್ದರೆ ಮುಗೀತು. ನಿಮಗೂ ತಟ್ಟೆ ತೊಳೆಯುವ ಕೆಲಸ ಇಲ್ಲ.

ಇನ್ನೊಂದು ವಿಷಯ. ಹುಣ್ಣಿಮೆ ದಿನ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಚಂದ್ರ ಏಳುತ್ತಾನೆ, ಆದ್ದರಿಂದ ಸಣ್ಣವನ ನಿದ್ದೆಗೆ ತೊಂದರೆ ಇಲ್ಲ. ಶನಿವಾರಕ್ಕೆ ಇರಲಿ ಅಂತ ಎರಡು ಮೂರು ದಿನ ಮುಂದೂಡಿದರೆ ಮಾತ್ರ ಕಷ್ಟ. ಚಂದ್ರ ದಿನಾ ಸುಮಾರು ಮುಕ್ಕಾಲು ಗಂಟೆ ತಡವಾಗುತ್ತಾ ಹೋಗುತ್ತಾನೆ, ಮಕ್ಕಳು ಕಾದು ಕಾದು ಅಳೋಕೆ ಶುರುಮಾಡುತ್ತಾರೆ.

ಇಬ್ಬರ_ಅಮ್ಮ

ಓದುವಾಗಲೇ ಬಾಯಲ್ಲಿ ನೀರು ಬಂತು! ಆದರೆ ನಮ್ಮದು ಅಪಾರ್ಟ್‌ಮೆಂಟ್. ಟೆರೇಸ್‌ಗೆ ಅಸೋಸಿಯೇಷನ್‌ನವರು ಬೀಗ ಹಾಕಿರುತ್ತಾರೆ.

ತುಂಗಾತೀರ

ಬಾಲ್ಕನಿಯೂ ಆಗುತ್ತದೆ, ದೀಪ ಆರಿಸಿ ಅಷ್ಟೇ. ಮಳೆಗಾಲದಲ್ಲಿ ನಮಗೂ ಚಂದ್ರ ಕಾಣಲ್ಲ. ಹಾಲ್‌ನಲ್ಲೇ ಚಾಪೆ ಹಾಸಿ ಕೂರುತ್ತೇವೆ, ಮಕ್ಕಳು ಟಾರ್ಚ್ ಹಿಡಿದು ಚಾವಣಿಗೆ ಚಂದ್ರ ಬಿಡುತ್ತಾರೆ.

ದೋಸೆ_ಶನಿವಾರ

ಹೆಸರಲ್ಲೇ ಇದೆಯಲ್ವಾ :) ಶನಿವಾರ ಬೆಳಿಗ್ಗೆ ನಮ್ಮಲ್ಲಿ ಅಕ್ಷರದ ದೋಸೆ. ಹಿಟ್ಟನ್ನು ಸ್ವಲ್ಪ ನೀರು ಮಾಡಿ, ಮುಚ್ಚಳದಲ್ಲಿ ಸಣ್ಣ ತೂತಿರುವ ಸಾಸ್ ಬಾಟಲಿಗೆ ತುಂಬುತ್ತೇನೆ. ಕಾವಲಿಯ ಮೇಲೆ ಮೊದಲು ಅಕ್ಷರ ಬರೆದು, ಅದು ಕಂದು ಬಣ್ಣಕ್ಕೆ ತಿರುಗಲು ಬಿಟ್ಟು, ಆಮೇಲೆ ಅದರ ಮೇಲೇ ಮಾಮೂಲಿ ಹಿಟ್ಟು ಹುಯ್ಯುವುದು. ಮಗುಚಿದರೆ ಬಿಳಿ ದೋಸೆಯ ಮೇಲೆ ಕಂದು ಅಕ್ಷರ. ಆದರೆ ಉಲ್ಟಾ! ನಮ್ಮ ಮಕ್ಕಳು ತಟ್ಟೆ ಎತ್ತಿಕೊಂಡು ವಾಶ್‌ಬೇಸಿನ್ ಕನ್ನಡಿ ಮುಂದೆ ಓಡುತ್ತಾರೆ, ಓದಿ ಹೇಳಿದ ಮೇಲೇ ತಿನ್ನುವುದು. ಈಗ ದೊಡ್ಡವನು ಹಠ ಹಿಡಿದು ಮೊದಲೇ ಉಲ್ಟಾ ಬರೆಯುವುದನ್ನು ಕಲಿತಿದ್ದಾನೆ. ಒಲೆ ಹತ್ತಿರ ನಿಂತೇ ಇರಬೇಕು, ಸಣ್ಣವನಿಗೆ ನೀವೇ ಬರೆದುಕೊಡಿ, ಯಾವ ಅಕ್ಷರ ಅಂತ ಅವನು ಹೇಳಲಿ.

ಧಾರವಾಡ_ಫೇಡೆ

ಮುಂದಿನ ಹಬ್ಬ ಯಾವುದು ಅಂತ ಕೇಳುವ ಮಗಳಿಗೆ ನಮ್ಮ ಕಡೆಯ ಕ್ಯಾಲೆಂಡರ್ ಕೊಡಿ ರೀ, ಪುರುಸೊತ್ತೇ ಇರಲ್ಲ! ಮೈಸೂರು ಕಡೆಯವರಿಗೆ ಅಷ್ಟು ಗೊತ್ತಿರದ, ಮಕ್ಕಳೇ ಮುಂದೆ ನಿಂತು ಮಾಡುವ ಹಬ್ಬ ಒಂದಿದೆ, ಮಣ್ಣೆತ್ತಿನ ಅಮಾವಾಸ್ಯೆ. ಕಾರ ಹುಣ್ಣಿಮೆ ಆದ ಮೇಲೆ ಬರುವ ಅಮಾವಾಸ್ಯೆ, ಸಾಮಾನ್ಯವಾಗಿ ಜೂನ್ ಕೊನೆಗೋ ಜುಲೈನಲ್ಲೋ. ಕೆರೆಯ ಮಣ್ಣು ತಂದು, ಹದವಾಗಿ ಕಲಸಿ, ಜೋಡಿ ಎತ್ತು ಮಾಡುವುದು, ಅವುಗಳ ಮುಂದೆ ಒಂದು ಗೋದಲಿ. ಕಣ್ಣಿಗೆ ಜೋಳದ ಕಾಳು ಒತ್ತುತ್ತಾರೆ. ಕೊಂಬು ಮಾತ್ರ ಪ್ರತಿ ಸಲ ಬೀಳುತ್ತದೆ, ಒಳಗೆ ಕಡ್ಡಿಚೂರು ಸಿಕ್ಕಿಸಬೇಕು.

ಬೆಂಗಳೂರಲ್ಲಿ ಕೆರೆ ಮಣ್ಣಿಗೆ ಎಲ್ಲಿ ಹೋಗುತ್ತೀರಿ, ಪಾಟರಿ ಟೌನ್ ಕಡೆ ಹೋದಾಗ ಕುಂಬಾರರ ಹತ್ತಿರ ಕೇಳಿ ನೋಡಿ. ಸುಮ್ನೆ ಅಂಗಡಿಯ ಬಣ್ಣದ ಕ್ಲೇ ತರಬೇಡಿ, ಅದರಲ್ಲಿ ಕೈ ಕೆಸರಾಗುವ ಮಜವೇ ಇಲ್ಲ. ಊರಲ್ಲಿ ಹುಡುಗರು ಕುಂಟೆತ್ತು ಮಾಡಿಕೊಂಡು ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ನಮ್ಮ ಬಿಲ್ಡಿಂಗ್‌ನಲ್ಲಿ ಮಕ್ಕಳು ಅದನ್ನೇ ಮಹಡಿ ಮಹಡಿ ಹತ್ತಿ ಮಾಡಿದರು. ಜೋಳ ಇಲ್ಲದವರು ಬಿಸ್ಕತ್ತು ಹಾಕಿದರು, ತಮಿಳಿನವರೊಬ್ಬರ ಮನೆಯಲ್ಲಿ ಮುರುಕ್ಕು ಸಿಕ್ಕಿತು. ನಾಗರ ಪಂಚಮಿಗೆ ಜೋಕಾಲಿ, ಉಂಡಿ, ಅದನ್ನು ಬೇಕಾದರೆ ಇನ್ನೊಮ್ಮೆ ಬರೆಯುತ್ತೇನೆ.

ಹಳೇ_ಮೈಸೂರಜ್ಜ

ಎಲ್ಲಾ ಚೆನ್ನಾಗಿದೆ. ಆದರೆ ತಾಯಿ, ಮಕ್ಕಳನ್ನು ದಿನಾ ಖುಷಿಪಡಿಸಲೇಬೇಕು ಅಂತ ತಲೆ ಮೇಲೆ ಹೊತ್ತುಕೊಳ್ಳಬೇಡಮ್ಮ. ಅವಕ್ಕೂ ಒಂದಿಷ್ಟು ಬೇಜಾರಾಗಲಿ, ಆಗ ತಾವೇ ಏನಾದರೂ ಹುಡುಕುತ್ತವೆ. ಹಬ್ಬದಲ್ಲೂ ಮಕ್ಕಳಿಗೆ ಹೋಳಿಗೆಗಿಂತ ಜಾಸ್ತಿ ನೆನಪಿರುವುದು ಮಾವಿನೆಲೆ ಕಟ್ಟಿದ್ದು. ಕೆಲಸ ಕೊಡು.

ಸಾರಿಗೆ ಹುಣಸೆಹಣ್ಣು ನೆನೆಸುವಾಗ ಸಿಗುವ ಬೀಜ ಬಿಸಾಡಬೇಡ, ತೊಳೆದು ಒಣಗಿಸಿ ಡಬ್ಬಿಗೆ ಹಾಕಿಡು. ನಾಲ್ಕು ಬೀಜ ಆರಿಸಿ, ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಬಿಳಿ ಆಗುವ ತನಕ ತೇಯೋಕೆ ಮಕ್ಕಳಿಗೆ ಕೊಡು. ಒಂದು ಸಂಜೆ ಅದರಲ್ಲೇ ಹೋಗುತ್ತದೆ, ನೀನು ಆರಾಮಾಗಿ ಕಾಫಿ ಕುಡಿಯಬಹುದು. ಚೌಕಾಬಾರ ಆಡೋಕೆ ಕವಡೆ ಬದಲು ಇವೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದರೆ ಆಟ ರೆಡಿ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಎಸೆಯೋದು ಉಂಟು. ಕಾಯಿಗೆ ಬಳೆಚೂರು ಬೇಡ, ಕೈ ಕುಯ್ಯುತ್ತದೆ. ಗುಂಡಿ, ಕಡಲೆಕಾಳು, ಮುರಿದ ಕಡ್ಡಿ, ಏನಾದರೂ ನಡೆಯುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ, ಮಜಾ ಇರುವುದೇ ಅಲ್ಲಿ. ನಡುಮನೆ ಮುಟ್ಟಿದರೆ ಕಾಯಿ ಹಣ್ಣು. ಸಣ್ಣವನನ್ನು ಬೀಜ ಎಸೆಯೋಕೆ ಇಟ್ಟುಕೋ. ಲೆಕ್ಕ ಮೇಷ್ಟ್ರು ಬೇಕಾಗಲ್ಲ.

ಇಬ್ಬರ_ಅಮ್ಮ

ಅಜ್ಜ, ಬೀಜ ತೇಯುವುದು ಶುರುವಾಗಿದೆ, ಬಾಲ್ಕನಿಯಿಂದ ಪರಪರ ಸದ್ದು ಬರುತ್ತಿದೆ. ಬರುವ ಹುಣ್ಣಿಮೆಗೆ ಕೈತುತ್ತು ಖಂಡಿತ. ಒಂದು ಡೌಟು: ಚೌಕಾಬಾರದಲ್ಲಿ ಒಂದೇ ಮನೆಯಲ್ಲಿ ಒಬ್ಬರದ್ದೇ ಎರಡು ಕಾಯಿ ಇದ್ದರೆ ಹೊಡೆಯಬಹುದಾ? ನಮ್ಮತ್ತೆ ಹೊಡೆಯಬಾರದು ಅಂತಾರೆ, ಯಜಮಾನರು ಹೊಡೀಬಹುದು ಅಂತಾರೆ.

ಹಳೇ_ಮೈಸೂರಜ್ಜ

ಒಂದೊಂದು ಮನೆತನದಲ್ಲಿ ಒಂದೊಂದು ನಿಯಮ. ಆಟ ಶುರುಮಾಡುವ ಮೊದಲೇ ಒಪ್ಪಂದ ಮಾಡಿಕೊಳ್ಳಿ, ಮಧ್ಯೆ ಬದಲಿಸಿದರೆ ನಿನ್ನ ಮಗಳು ಬಿಡಲ್ಲ. ಅತ್ತೆಯವರನ್ನೂ ಆಟಕ್ಕೆ ಕೂರಿಸು.