ಪದ ಬೇಕು: ‘ಕಾಲ್ ಫಾರ್ ಸೈಟ್ಸ್’, ‘ಅಲೊಕೇಟೆಡ್ ಸೈಟ್’

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಮುಂದೆ ಮನೆ ಕಟ್ಟಲು ಯಾವ ಜಮೀನು ಅಂತ ಇಂಗ್ಲೆಂಡಿನ ಕೌನ್ಸಿಲ್‌ಗಳು (ಅಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಗಳು) ಹೇಗೆ ಗುರುತಿಸುತ್ತವೆ ಅನ್ನುವ ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಕಳಿಸಬೇಕು. ಮೇಲಿನ ಎರಡಕ್ಕೆ ‘ನಿವೇಶನಗಳಿಗೆ ಆಹ್ವಾನ’, ‘ಹಂಚಿಕೆಯಾದ ನಿವೇಶನ’ ಅಂತ ಹಾಕಿದ್ದೇನೆ. ನಡೆಯುತ್ತದಾ?

ಮರು:
ನಡೆಯುವುದಿಲ್ಲ. ‘ನಿವೇಶನಕ್ಕೆ ಆಹ್ವಾನ’ ಅಂದರೆ ಓದಿದವರು ಸೈಟು ಕೊಡ್ತಾರೆ, ಅರ್ಜಿ ಹಾಕೋಣ ಅಂದುಕೊಳ್ಳುತ್ತಾರೆ. ಅಲ್ಲಿ ನಡೆಯುವುದು ಪೂರಾ ಉಲ್ಟಾ. ‘ನಮ್ಮ ಈ ಹೊಲ ನೋಡಿ, ಇಲ್ಲಿ ಮನೆ ಕಟ್ಟಬಹುದು’ ಅಂತ ನಕ್ಷೆಯ ಮೇಲೆ ಗಡಿ ಎಳೆದು ಕೌನ್ಸಿಲ್‌ಗೆ ಕೊಡುವವರು ಜಮೀನಿನ ಮಾಲೀಕರು, ಬಿಲ್ಡರ್‌ಗಳು. ಬಂದದ್ದನ್ನೆಲ್ಲ ಕೌನ್ಸಿಲ್ ಒರೆಗೆ ಹಚ್ಚುತ್ತದೆ. ಜಾಗ ಮನೆಗೆ ತಕ್ಕದ್ದಾ, ಮಾಲೀಕ ನಿಜವಾಗಿ ಬಿಟ್ಟುಕೊಡುತ್ತಾನಾ, ಕಟ್ಟಿದರೆ ಗಿಟ್ಟುತ್ತದಾ? ಐದು ಮನೆಯೂ ಹಿಡಿಯದ ತುಂಡು ಜಾಗವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಸಾದರೂ ಅದು ಬರೀ ಪಟ್ಟಿ. ಕಟ್ಟಲು ಅನುಮತಿ ಸಿಕ್ಕಿದ ಹಾಗಲ್ಲ.

‘ಹಂಚಿಕೆ’ಯಂತೂ ಇನ್ನೂ ತಪ್ಪು. ಅಲ್ಲಿ ಯಾರಿಗೂ ಏನೂ ಹಂಚುವುದಿಲ್ಲ, ಜಮೀನು ಮಾಲೀಕನದ್ದೇ. ಲೋಕಲ್ ಪ್ಲಾನ್‌ನಲ್ಲಿ, ಅಂದರೆ ಎಲ್ಲಿ ಏನು ಕಟ್ಟಬಹುದು ಅಂತ ಕೌನ್ಸಿಲ್ ಮಾಡುವ ಯೋಜನೆಯಲ್ಲಿ, ‘ಈ ಜಾಗ ಮನೆಗಳಿಗೆ’ ಅಂತ ಗೊತ್ತುಮಾಡುತ್ತಾರೆ, ಅಷ್ಟೇ. ಅದೂ ಜನರ ಆಕ್ಷೇಪಣೆ ಕೇಳಿ, ಸರ್ಕಾರ ನೇಮಿಸಿದ ಇನ್ಸ್‌ಪೆಕ್ಟರ್ ಪರಿಶೀಲಿಸಿದ ಮೇಲೆ. ‘ಜಾಗ ಸೂಚಿಸಲು ಕರೆ’, ‘ಗೊತ್ತುಮಾಡಿದ ಜಾಗ’ ಅನ್ನಿ.

ಮರು:
‘ಜಾಗ’ ಪಾರಸಿ. ‘ಜಮೀನು’ ಪಾರಸಿ. ‘ಸೂಚಿಸು’ ಸಂಸ್ಕೃತ. ನಮ್ಮದೇ ಆದ ‘ತಾಣ’ ಇರುವಾಗ ಇದೆಲ್ಲ ಯಾಕೆ? ‘ತಾಣಗರೆ’ ಅನ್ನಿ. ಒಂದೇ ಪದ, ಅಚ್ಚಗನ್ನಡ.

ಮರು:
‘ತಾಣ’ ಸಂಸ್ಕೃತದ ‘ಸ್ಥಾನ’ದ ತದ್ಭವ ಸ್ವಾಮಿ. ಯಾವ ಅಚ್ಚಗನ್ನಡ? ಸಾಲದ್ದಕ್ಕೆ ಈಗ ತಾಣ ಅಂದರೆ ಜನ ಜಾಲತಾಣ ಅಂದುಕೊಳ್ಳುತ್ತಾರೆ.

ಮರು:
ತದ್ಭವ ಆದಮೇಲೆ ಅದು ಕನ್ನಡವೇ. ಅದೂ ಆಗದಿದ್ದರೆ ‘ಎಡೆ’ ಇದೆ.

ಮರು:
‘ಎಡೆಗೆ ಕರೆ’? ಊಟಕ್ಕೆ ಕರೆದ ಹಾಗಿದೆ. ಸುಮ್ನೆ ‘ಕಾಲ್ ಫಾರ್ ಸೈಟ್ಸ್’ ಅಂತಲೇ ಬಿಡಿ. ಬಸ್ಸು, ರೈಲು, ಸೈಟು ಬಂದಿಲ್ವಾ?

ಮರು:
ಬಂದಿದೆ. ಬಂದು ಅರ್ಥ ಬದಲಾಯಿಸಿಕೊಂಡಿದೆ, ತೊಡಕು ಅದೇ. ಕನ್ನಡದಲ್ಲಿ ಸೈಟು ಅಂದರೆ ಮೂವತ್ತು–ನಲವತ್ತರ ಅಳತೆ, ಖಾತೆ, ಕಂದಾಯ. ಇಂಗ್ಲೆಂಡಿನವರ ಸೈಟು ನೂರಾರು ಮನೆ ಹಿಡಿಯುವ ಹೊಲವೂ ಆಗಬಹುದು, ಹಳೇ ಫ್ಯಾಕ್ಟರಿ ಜಾಗವೂ ಆಗಬಹುದು. ತದ್ಭವ ಕನ್ನಡದ್ದಾದರೆ ಸೈಟೂ ಕನ್ನಡದ್ದೇ. ಹಾಗಿದ್ದ ಮೇಲೆ ಇಂಗ್ಲಿಷಿನ ಅರ್ಥವನ್ನು ಅದರ ಮೇಲೆ ಹೇರಬೇಡಿ. ‘ಜಾಗ’ಕ್ಕೆ ಈ ರಗಳೆ ಇಲ್ಲ, ಪಾರಸಿಯೋ ಮತ್ತೊಂದೋ. ‘ತಾಣಗರೆ’ಯನ್ನು ಅದನ್ನು ಕಟ್ಟಿದವರೇ ಬಳಸಿಕೊಳ್ಳಲಿ.

ಮರು:
ಎಲ್ಲರಿಗೂ ಥ್ಯಾಂಕ್ಸ್. ‘ಜಾಗ ಸೂಚಿಸಲು ಕರೆ’, ‘ಮನೆಗಳಿಗೆ ಗೊತ್ತುಮಾಡಿದ ಜಾಗ’ ಅಂತ ತಿದ್ದಿದ್ದೇನೆ. ಇನ್ನೊಂದು ಉಳಿದಿದೆ, ‘ಬ್ರೌನ್‌ಫೀಲ್ಡ್’. 2017ರಿಂದ ಕೌನ್ಸಿಲ್‌ಗಳು ಇವುಗಳದ್ದೇ ಬೇರೆ ರಿಜಿಸ್ಟರ್ ಇಡಬೇಕು. ‘ಕಂದು ಹೊಲ’ ಅಂತ ದಯವಿಟ್ಟು ಯಾರೂ ಹೇಳಬೇಡಿ.

ಮರು:
‘ಹಿಂದೆ ಕಟ್ಟಡವಿದ್ದ ಜಾಗ’.

ಮರು:
ಮತ್ತೆ ಜಾಗ! ‘ನೆಲ’ ಅನ್ನಲಿಕ್ಕೆ ಏನು ರೋಗ?