ಅಮೆರಿಕದಲ್ಲಿ ಓದುತ್ತಿರುವ ಮಗನಿಗೆ ‘ಪ್ರೊಬೇಶನ್’ ಪತ್ರ ಬಂದಿದೆ, ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಒಬ್ಬ ತಂದೆ):

ನಮಸ್ಕಾರ ಮೇಡಂ. ಮಗ ಶಿವಮೊಗ್ಗದಲ್ಲಿ ಬಿಇ ಮುಗಿಸಿ ಕಳೆದ ಆಗಸ್ಟ್‌ನಲ್ಲಿ ಎಂಎಸ್ ಮಾಡಲು ಅಮೆರಿಕಕ್ಕೆ ಹೋದ. ಮೊದಲ ಸೆಮಿಸ್ಟರ್‌ನಲ್ಲಿ ಮೂರು ವಿಷಯ. ಒಂದರಲ್ಲಿ ಬಿ, ಒಂದರಲ್ಲಿ ಬಿ ಮೈನಸ್, ಒಂದರಲ್ಲಿ ಸಿ ಬಂದಿದೆ. ಜಿಪಿಎ 2.57 ಅಂತೆ. ‘ಅಕಾಡೆಮಿಕ್ ಪ್ರೊಬೇಶನ್’ ಪತ್ರ ಬಂದಿದೆ ಎಂದು ಅವನ ರೂಮ್‌ಮೇಟ್ ಹೇಳಿದ ಮೇಲೆ ಗೊತ್ತಾಯಿತು. ಕೇಳಿದರೆ ‘ಏನಿಲ್ಲ ಅಪ್ಪಯ್ಯ’ ಅನ್ನುತ್ತಾನೆ, ಫೋನ್ ಇಡುತ್ತಾನೆ. ಇಲ್ಲಿ ಒಂದು ವಿಷಯವೂ ಫೇಲಾದವನಲ್ಲ. ಅವನನ್ನು ಹೊರಗೆ ಹಾಕುತ್ತಾರಾ? ವೀಸಾ ಹೋಗುತ್ತಾ? ನಾನೇ ಕಾಲೇಜಿಗೆ ಮೇಲ್ ಮಾಡಬಹುದಾ? ಅಡಿಕೆ ತೋಟದ ಮೇಲೆ ಸಾಲ ತೆಗೆದು ಕಳಿಸಿದ್ದೇವೆ. ಕೊನೆ ಕೊಯ್ಲಿನ ಕೆಲಸದಲ್ಲೂ ಮನಸ್ಸಿಲ್ಲ.

ಉತ್ತರ:

ನಮಸ್ಕಾರ ಸರ್. ನನ್ನ ಊರು ಹೊಸನಗರದ ಹತ್ತಿರ. ಈಗ ಇಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವುದೇ ನನ್ನ ಕೆಲಸ. ಇಂಥ ಪತ್ರ ಹಿಡಿದು ಬರುವ ಮಕ್ಕಳನ್ನು ದಿನಾ ನೋಡುತ್ತೇನೆ.

ಮೊದಲು ಒಂದು ಮಾತು. ಪ್ರೊಬೇಶನ್ ಅಂದರೆ ಹೊರಗೆ ಹಾಕಿದ್ದಲ್ಲ. ಅದು ಎಚ್ಚರಿಕೆ. ಮಾಸ್ಟರ್ಸ್ ಓದುವವರ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, 4ಕ್ಕೆ 3.0 ಇರಬೇಕು ಎಂದು ಹೆಚ್ಚಿನ ವಿಶ್ವವಿದ್ಯಾಲಯಗಳ ನಿಯಮ. ಪದವಿಯವರಿಗೆ ಸಾಮಾನ್ಯವಾಗಿ 2.0. ಅದಕ್ಕಿಂತ ಕೆಳಗೆ ಇಳಿದರೆ ಪತ್ರ ಬರುತ್ತದೆ, ಸರಿಮಾಡಿಕೊಳ್ಳಲು ಸಮಯ ಕೊಡುತ್ತಾರೆ. ಎಷ್ಟು ಸಮಯ ಎನ್ನುವುದು ಅದೇ ಪತ್ರದಲ್ಲಿರುತ್ತದೆ. ಬರೀ ಪ್ರೊಬೇಶನ್ ಬಂತು ಅಂತ ವೀಸಾ ಹೋಗುವುದಿಲ್ಲ.

ನಿಮ್ಮ ಮಗನ ಲೆಕ್ಕ ನೋಡೋಣ. ಬಿ ಅಂದರೆ 3, ಬಿ ಮೈನಸ್ 2.7, ಸಿ ಅಂದರೆ 2. ಕೂಡಿದರೆ 7.7, ಮೂರರಿಂದ ಭಾಗಿಸಿದರೆ 2.57. ಮುಂದಿನ ಸೆಮಿಸ್ಟರ್‌ನಲ್ಲೂ ಅಷ್ಟೇ ಕ್ರೆಡಿಟ್‌ನ ಮೂರು ಕೋರ್ಸ್ ಇದ್ದರೆ 10.3 ಬೇಕು. ಅಂದರೆ ಒಂದು ಎ ಮೈನಸ್ (3.7), ಎರಡು ಬಿ ಪ್ಲಸ್ (3.3). ಒಟ್ಟು 18, ಆರರಿಂದ ಭಾಗಿಸಿ, ಸರಿಯಾಗಿ 3.0. ಕಷ್ಟ, ಆದರೆ ಆಗದ ಮಾತಲ್ಲ. ಅವನು ಒಮ್ಮೆ ಕಾಗದದ ಮೇಲೆ ಈ ಲೆಕ್ಕ ಬರೆದು ನೋಡಲಿ. ಭಯಕ್ಕೆ ಒಂದು ಅಂಕಿ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ.

ಫೇಲಾಗದ ಹುಡುಗ ಇಲ್ಲಿ ಏಕೆ ಜಾರಿದ ಅಂತ ನಿಮಗೆ ಅನ್ನಿಸಬಹುದು. ಅವನು ಇಲ್ಲೂ ಫೇಲಾಗಿಲ್ಲ ಸರ್. ನಮ್ಮ ಕಡೆ ಪಾಸಾದರೆ ಮುಂದೆ ಹೋಗುತ್ತೇವೆ, ಫೇಲಾದರೆ ಬ್ಯಾಕ್‌ಲಾಗ್, ಮತ್ತೆ ಪರೀಕ್ಷೆ ಕಟ್ಟುತ್ತೇವೆ. ಇಲ್ಲಿ ಸಿ ಬಂದರೂ ಸರಾಸರಿ ಕುಸಿಯುತ್ತದೆ. ಬರೀ ಪರೀಕ್ಷೆ ಕಟ್ಟುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಕೋರ್ಸನ್ನೇ ಮತ್ತೆ ತೆಗೆದುಕೊಳ್ಳಬೇಕು, ಫೀಸೂ ಮತ್ತೆ ಕಟ್ಟಬೇಕು. ಹಳೆಯ ಗ್ರೇಡ್ ಅಳಿಸುತ್ತದಾ, ಎರಡೂ ಲೆಕ್ಕಕ್ಕೆ ಬರುತ್ತದಾ ಎನ್ನುವುದು ಒಂದೊಂದು ಕಡೆ ಒಂದೊಂದು ತರ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಅಂಕ ವಾರವಾರದ ಅಸೈನ್‌ಮೆಂಟ್, ಪ್ರಾಜೆಕ್ಟ್, ಮಿಡ್‌ಟರ್ಮ್‌ಗಳಲ್ಲಿ ಹಂಚಿಹೋಗಿರುತ್ತದೆ. ಕೊನೆಯ ಹದಿನೈದು ದಿನ ನಿದ್ದೆಗೆಟ್ಟು ಓದುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ನಮ್ಮ ಮಕ್ಕಳಿಗೆ ಇದು ಅರ್ಥವಾಗುವಷ್ಟರಲ್ಲಿ ಅಕ್ಟೋಬರ್ ಕಳೆದಿರುತ್ತದೆ.

ಮತ್ತೊಂದು ಕಾರಣ ಕೆಲಸ. ದಯವಿಟ್ಟು ಇದನ್ನು ಮೆತ್ತಗೆ ಕೇಳಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಮನೆಯ ಸಾಲ ನೆನೆದು ಕೆಲವರು ಅನುಮತಿ ಇಲ್ಲದೆ ಹೊರಗೆ ಪೆಟ್ರೋಲ್ ಬಂಕ್, ಹೋಟೆಲ್‌ಗಳಲ್ಲಿ ರಾತ್ರಿ ನಿಲ್ಲುತ್ತಾರೆ. ಓದೂ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಡಿಮೆ ಗ್ರೇಡ್‌ನಿಂದ ಹೋಗದ ವೀಸಾ ಆ ಕೆಲಸದಿಂದ ಹೋಗಬಹುದು.

ನೀವು ಮೇಲ್ ಮಾಡಿದರೆ ಉತ್ತರ ಬರುವುದು ಕಷ್ಟ. 1974ರ ಫರ್ಪಾ ಎಂಬ ಕಾನೂನಿನ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆ ಅವನದೇ. ಫೀಸ್ ಕಟ್ಟಿದ ಅಪ್ಪ ಕೇಳಿದರೂ ಅವನ ಒಪ್ಪಿಗೆ ಇಲ್ಲದೆ ನಾವು ಹೇಳುವಂತಿಲ್ಲ. ಹಾಗಾಗಿ ನಿಮಗಿರುವ ದಾರಿ ಮಗನೊಬ್ಬನೇ. ಆ ದಾರಿ ಮುಚ್ಚದಂತೆ ನೋಡಿಕೊಳ್ಳಿ. ಪತ್ರ ಬಂದ ಮೇಲೆ ಹಾಳಾಗುವವರು ಹೆಚ್ಚಾಗಿ ದಡ್ಡರಲ್ಲ, ಮುಚ್ಚಿಟ್ಟವರು.

ಅವನು ಈ ವಾರವೇ ಇಬ್ಬರನ್ನು ನೋಡಬೇಕು. ಒಬ್ಬರು ಅವನ ವಿಭಾಗದ ಅಡ್ವೈಸರ್. ಇನ್ನೊಬ್ಬರು ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಡಿಎಸ್‌ಒ, ಅಂದರೆ ವೀಸಾ ನಿಯಮ, ದಾಖಲೆ ನೋಡಿಕೊಳ್ಳುವ ಅಧಿಕಾರಿ. ಕಷ್ಟ ಅಂತ ಹೆದರಿ ತಾನೇ ಒಂದು ಕೋರ್ಸ್ ಬಿಟ್ಟುಬಿಡಬಾರದು. ಪೂರ್ಣ ಪ್ರಮಾಣದ ಕೋರ್ಸ್‌ಗಳಲ್ಲಿ ಇರಬೇಕು ಎನ್ನುವುದು ವೀಸಾ ನಿಯಮ. ಕಲಿಸುವ ರೀತಿ ಹೊಸದು, ತಪ್ಪು ಮಟ್ಟದ ಕೋರ್ಸ್‌ಗೆ ಸೇರಿಬಿಟ್ಟೆ ಎಂಬಂಥ ಕಾರಣಕ್ಕೆ ಹೊರೆ ಕಡಿಮೆ ಮಾಡಿಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ಆದರೆ ಡಿಎಸ್‌ಒ ಮೊದಲು ಒಪ್ಪಬೇಕು, ಆಮೇಲೆ ಕೋರ್ಸ್ ಬಿಡಬೇಕು. ಈ ಕ್ರಮ ಉಲ್ಟಾ ಮಾಡಿ ತೊಂದರೆಗೆ ಸಿಕ್ಕವರು ತುಂಬಾ ಜನ.

ಅದೇ ತಂದೆ:

ಧನ್ಯವಾದ ಮೇಡಂ. ಫೋನಲ್ಲಿ ಹೇಗೆ ಶುರು ಮಾಡಲಿ? ಸಿಟ್ಟು ಬರುತ್ತೆ, ಅದೇ ಕಷ್ಟ.

ಉತ್ತರ:

‘ಪತ್ರದ ವಿಷಯ ಗೊತ್ತಾಗಿದೆ ಮಗ. ಬೈಯಲ್ಲ. ಅಡ್ವೈಸರ್ ಹತ್ತಿರ ಯಾವತ್ತು ಹೋಗ್ತೀಯ?’ ಇಷ್ಟು ಸಾಕು. ಸಾಲದ ಮಾತು ಈ ತಿಂಗಳು ಬೇಡ. ಅದು ಅವನಿಗೆ ಮರೆತಿಲ್ಲ. ನಿಮ್ಮ ಬೆಳಿಗ್ಗೆ ಅವನಿಗೆ ಹಿಂದಿನ ದಿನದ ಸಂಜೆಯೋ ರಾತ್ರಿಯೋ ಆಗಿರುತ್ತದೆ, ಆಗ ಮಾಡಿ. ಎತ್ತದಿದ್ದರೆ ಒಂದು ವಾಯ್ಸ್ ಮೆಸೇಜ್ ಬಿಡಿ. ಅಮ್ಮನ ದನಿಯಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ (ಸಾಗರದ ಒಬ್ಬ ತಾಯಿ):

ಮೇಡಂ, ನಮ್ಮದು ಇನ್ನೂ ಮುಂದೆ ಹೋಗಿದೆ. ಮಗನಿಗೆ ಡಿಸ್ಮಿಸಲ್, ಅಂದರೆ ಹೊರಗೆ ಹಾಕಿದ ಪತ್ರವೇ ಬಂದಿದೆ. ನಾಲ್ಕು ತಿಂಗಳಿಂದ ಸರಿಯಾಗಿ ಊಟ ಇಲ್ಲ, ಹಾಸಿಗೆಯಿಂದ ಏಳುತ್ತಿರಲಿಲ್ಲವಂತೆ. ಅಪೀಲ್ ಮಾಡಬಹುದು ಅಂತಾನೆ. ಪರಿಚಯದ ಡಾಕ್ಟರ್ ಹತ್ತಿರ ಊರಿಂದಲೇ ಒಂದು ಸರ್ಟಿಫಿಕೇಟ್ ಬರೆಸಿ ಕಳಿಸಿ ಅಂತ ಯಾರೋ ಹೇಳಿದರು.

ಉತ್ತರ:

ಬೇಡ ಅಮ್ಮ, ಅದನ್ನು ಮಾತ್ರ ಮಾಡಬೇಡಿ. ನೋಡದ ಡಾಕ್ಟರ್ ಬರೆದ ಕಾಗದ ಸುಳ್ಳು ಅಂತ ಗೊತ್ತಾದರೆ ಅಪೀಲೂ ಹೋಯಿತು, ಹುಡುಗನ ಹೆಸರೂ ಹೋಯಿತು. ನಿಜವಾದ ಕಾಯಿಲೆ ಇರುವಾಗ ಸುಳ್ಳು ಕಾಗದ ಏಕೆ?

ಮೊದಲು ಅವನ ಆರೋಗ್ಯ, ಅಪೀಲ್ ಆಮೇಲೆ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಕೌನ್ಸೆಲಿಂಗ್ ಕೇಂದ್ರ ಇರುತ್ತದೆ. ನಾಳೆಯೇ ಹೋಗಲಿ, ರೂಮ್‌ಮೇಟ್ ಜೊತೆಗೆ ಹೋಗಲಿ. ಬದುಕೇ ಬೇಡ ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಅಮೆರಿಕದಲ್ಲಿ 988 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ನಿಮಗೂ ಮನಸ್ಸು ತಡೆಯದಿದ್ದರೆ ಭಾರತದಲ್ಲಿ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಅಪೀಲ್‌ಗೆ ಪತ್ರದಲ್ಲಿ ಕೊನೆಯ ದಿನಾಂಕ ಇರುತ್ತದೆ. ಅದು ದಾಟಿದರೆ ಕೇಳುವವರಿಲ್ಲ. ಬರೆಯುವಾಗ ಕ್ಷಮೆ, ಕಣ್ಣೀರು ಪುಟಗಟ್ಟಲೆ ಬೇಡ. ಏನಾಯಿತು, ಯಾವಾಗಿನಿಂದ, ಅದಕ್ಕೆ ದಾಖಲೆ ಏನು, ಈಗ ಏನು ಬದಲಾಗಿದೆ, ಮುಂದಿನ ಸೆಮಿಸ್ಟರ್‌ನಲ್ಲಿ ಯಾವ ಕೋರ್ಸ್, ಯಾರ ಸಹಾಯ. ಓದುವ ಸಮಿತಿ ಕೊನೆಯ ಎರಡಕ್ಕೇ ಹೆಚ್ಚು ಬೆಲೆ ಕೊಡುತ್ತದೆ. ‘ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ’ ಎಂಬ ಸಾಲು ಎಲ್ಲರ ಪತ್ರದಲ್ಲೂ ಇರುತ್ತದೆ.

ಜೊತೆಗೆ ಡಿಎಸ್‌ಒ ಅವರನ್ನು ಇವತ್ತೇ ಕೇಳಲಿ: ನನ್ನ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ) ದಾಖಲೆ ಯಾವ ದಿನ ಮುಚ್ಚುತ್ತದೆ? ಅಪೀಲ್ ನಡೆಯುವವರೆಗೆ ಇರುತ್ತದಾ? ಅದು ಮುಚ್ಚುವ ಮೊದಲು ಬೇರೆ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳಬಹುದಾ? ಡಿಎಸ್‌ಒ ಒಪ್ಪಿಗೆ ಪಡೆದು ತಾನೇ ಓದು ನಿಲ್ಲಿಸಿದವರಿಗೆ ದೇಶ ಬಿಡಲು 15 ದಿನ ಸಿಗುತ್ತದೆ. ಹೇಳದೆ ಬಿಟ್ಟವರಿಗೆ ಅದೂ ಇಲ್ಲ. ಅಪೀಲ್ ಬಿದ್ದರೆ ಡಿಎಸ್‌ಒ ಅವರನ್ನು ಕೇಳಿಕೊಂಡು ಮನೆಗೆ ಬಂದು, ಗುಣವಾಗಿ, ಮತ್ತೆ ಅರ್ಜಿ ಹಾಕುವುದೂ ಒಂದು ಮರ್ಯಾದೆಯ ದಾರಿಯೇ. ಊರಲ್ಲಿ ಯಾರು ಏನಂದಾರು ಎಂಬ ಯೋಚನೆಗೆ ಅವನನ್ನು ಅಲ್ಲೇ ಇರಿಸಬೇಡಿ.

ಬ್ಯಾಂಕ್ ಸಾಲ ಇದ್ದರೆ ನಿರ್ಧಾರ ಆದ ಕೂಡಲೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಓದು ನಿಂತರೆ ಕಂತು ಶುರುವಾಗುವ ದಿನ ಬದಲಾಗಬಹುದು.

ಅಪೀಲ್ ಪತ್ರದ ಕರಡನ್ನು ಮಗನೇ ಬರೆಯಲಿ. ಹೆಸರು, ಐಡಿ ತೆಗೆದು ನನಗೆ ಕಳಿಸಲಿ. ಕೊನೆಯ ದಿನಾಂಕ ಯಾವುದು ಅಂತ ಮೇಲೆಯೇ ಬರೆಯಲು ಹೇಳಿ, ಅದನ್ನು ನೋಡಿಕೊಂಡು ಮೊದಲು ಓದುತ್ತೇನೆ.